ಕಾಶಿಯ ಬೆಳಗಿನ ಹುಟ್ಟುದೋಣಿ: ಕ್ಯಾಮೆರಾ ಹಿಡಿದು ಹತ್ತುವವರಿಗೆ

ಫೋಟೋ ತೆಗೆಯಲೆಂದೇ ಕಾಶಿಗೆ ಹೋಗುವವರ ಮುಂದೆ ದುಡ್ಡು ಸುರಿಯುವ ದಾರಿಗಳು ಬೇಕಾದಷ್ಟಿವೆ: ಫೋಟೋ ವಾಕ್, ಗೈಡು, ಎರಡಂತಸ್ತಿನ ಕ್ರೂಸು, ಮೋಟರ್ ದೋಣಿ, ಕೈಯಲ್ಲಿ ಹುಟ್ಟು ಹಾಕುವ ಸಣ್ಣ ದೋಣಿ. ಕೊಟ್ಟ ಕಾಸಿಗೆ ನಿಜವಾಗಿ ಚಿತ್ರ ಸಿಗುವುದು ಕೊನೆಯದರಲ್ಲಿ, ಅದೂ ಬೆಳಗಿನ ಹೊತ್ತು ಮಾತ್ರ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಅಂಕ ಕಳೆಯುವುದು ದೋಣಿಯ ದೋಷಕ್ಕಲ್ಲ. ಗಿರಾಕಿಯನ್ನು ಮೆಚ್ಚಿಸಲು ಕೆಲವು ಅಂಬಿಗರು ಉರಿಯುವ ಚಿತೆಗಳಿಗೆ ಹೋಗಬಾರದಷ್ಟು ಹತ್ತಿರ ಹೋಗುತ್ತಾರೆ, ಅದಕ್ಕೆ. ಅದನ್ನು ತಡೆಯುವುದು ಹತ್ತುವವರ ಕೈಯಲ್ಲೇ ಇದೆ.

ಮೊದಲು ಬೆಳಕಿನ ಲೆಕ್ಕ. ಗಂಗೆ ಇಲ್ಲಿ ಉತ್ತರವಾಹಿನಿ. ಊರೆಲ್ಲ ಪಶ್ಚಿಮದ ದಡದಲ್ಲಿದೆ, ಎದುರು ದಡದಲ್ಲಿ ಹೆಚ್ಚಾಗಿ ಮರಳು. ಹಾಗಾಗಿ ಸೂರ್ಯ ಹುಟ್ಟುವಾಗ ಅಡ್ಡ ಬರಲು ಎತ್ತರದ ಕಟ್ಟಡಗಳ ಸಾಲಿಲ್ಲ. ಮೊದಲ ಕಿರಣ ನೇರವಾಗಿ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ನದಿಯ ಮೇಲಿದ್ದು ಘಾಟ್ (ದಡದ ಮೆಟ್ಟಿಲುಸಾಲು) ಕಡೆಗೆ ಮುಖ ಮಾಡಿದರೆ ಸೂರ್ಯ ನಿಮ್ಮ ಬೆನ್ನಿಗೆ. ಹತ್ತಿರದ ಚುನಾರ್ ಊರಿನ ಮರಳುಗಲ್ಲಿನ ಗೋಡೆಗಳು ಕೆಂಪಡರಿ ಹೊನ್ನಿನ ಬಣ್ಣಕ್ಕೆ ತಿರುಗುವುದು ಸೂರ್ಯ ಹುಟ್ಟಿದ ಮೇಲಿನ ಮೂವತ್ತು ನಲವತ್ತು ನಿಮಿಷ ಮಾತ್ರ. ಆಮೇಲೆ ಬೆಳಕು ಬೆಳ್ಳಗಾಗುತ್ತದೆ, ಗೋಡೆಯ ಉಬ್ಬುತಗ್ಗು ಕಾಣದೆ ಚಿತ್ರ ಚಪ್ಪಟೆಯಾಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಊರಿನ ಹಿಂದಕ್ಕೆ ಸರಿಯುವುದರಿಂದ ಘಾಟ್‌ಗಳೆಲ್ಲ ನೆರಳಲ್ಲಿ ಮುಳುಗುತ್ತವೆ. 'ಸನ್‌ಸೆಟ್ ಬೋಟ್ ರೈಡ್' ಎಂದು ಮಾರುವವರನ್ನು ಕಂಡರೆ ಇದನ್ನು ನೆನಪಿಡಿ.

ನದಿ ಸ್ವಲ್ಪ ಬಾಗಿ ಹರಿಯುವುದರಿಂದ ಋತುವಿಗೆ ತಕ್ಕಂತೆ ಜಾಗವೂ ಬದಲಾಗಬೇಕು. ದಕ್ಷಿಣ ತುದಿಯ ಅಸ್ಸಿಯಿಂದ ನಡುವಿನ ದಶಾಶ್ವಮೇಧದವರೆಗಿನ ಘಾಟ್‌ಗಳು ಹೆಚ್ಚುಕಡಿಮೆ ಪೂರ್ವಕ್ಕೆ ಮುಖ ಮಾಡಿವೆ. ಅಲ್ಲಿಂದ ಉತ್ತರ ತುದಿಯ ರಾಜಘಾಟ್ ಕಡೆಗೆ ಹೋದಂತೆ ಆಗ್ನೇಯಕ್ಕೆ ತಿರುಗುತ್ತವೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೂ ಆಗ್ನೇಯದಲ್ಲೇ. ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ ಉತ್ತರ ಭಾಗದ ಪಂಚಗಂಗಾ ಘಾಟ್ ಕಡೆಯ ಗೋಡೆಗಳಿಗೆ ನೇರ ಬೆಳಕು, ಅಸ್ಸಿ ಕಡೆಯ ಗೋಡೆಗಳಿಗೆ ಓರೆ ಬೆಳಕು. ಮೆಟ್ಟಿಲುಗಳ ಅಂಚು, ಛತ್ರಿಗಳ ನೆರಳು ಬೇಕಿದ್ದವರಿಗೆ ಓರೆ ಬೆಳಕೇ ಒಳ್ಳೆಯದು.

ಹೊತ್ತಿನ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಬೇಸಿಗೆಯಲ್ಲಿ. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲೂ ಕಾಶಿಯಲ್ಲೂ ಸೂರ್ಯ ಹುಟ್ಟುವುದು ಸುಮಾರು 6:40ಕ್ಕೆ. ಜೂನ್‌ನಲ್ಲಿ ಬೆಂಗಳೂರಿನಲ್ಲಿ ಆರಕ್ಕೆ ಹತ್ತಿರವಾದರೆ ಕಾಶಿಯಲ್ಲಿ 5:10ರ ಆಸುಪಾಸು. ಊರಿನ ರೂಢಿಯಂತೆ ಐದೂವರೆಗೆ ಘಾಟ್‌ಗೆ ಇಳಿದರೆ ಒಳ್ಳೆಯ ಬೆಳಕಿನ ಅರ್ಧ ಆಗಲೇ ಮುಗಿದಿರುತ್ತದೆ. ಯಾವ ತಿಂಗಳಾದರೂ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ದೋಣಿ ನೀರಿನಲ್ಲಿರಬೇಕು. ಅಂದರೆ ಮೆಟ್ಟಿಲ ಮೇಲೆ ಚೌಕಾಸಿಗೆ ನಿಲ್ಲುವುದು ಅದಕ್ಕೂ ಮೊದಲು. ಹಿಂದಿನ ಸಂಜೆಯೇ ಹೋಗಿ ಒಬ್ಬ ಅಂಬಿಗರ ಜೊತೆ ಮಾತಾಡಿ ಇಟ್ಟುಕೊಳ್ಳುವುದು ಜಾಣತನ. ಫೋನ್ ನಂಬರ್ ತಗೊಂಡು ಬಂದರೆ ಬೆಳಗ್ಗೆ ಕತ್ತಲಲ್ಲಿ ಹುಡುಕುವ ಪಾಡಿಲ್ಲ.

ಮಾತಾಡುವಾಗ ನಾಲ್ಕು ವಿಷಯ ಇತ್ಯರ್ಥವಾಗಬೇಕು. ದರ ತಲೆಗೋ ಇಡೀ ದೋಣಿಗೋ, ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ, ಹುಟ್ಟೋ ಮೋಟರೋ. 'ಚಪ್ಪೂವಾಲೀ ನಾವ್ ಚಾಹಿಯೇ, ಪೂರೀ ನಾವ್ ಕಾ ಕಿತನಾ?' (ಹುಟ್ಟಿನ ದೋಣಿ ಬೇಕು, ಇಡೀ ದೋಣಿಗೆ ಎಷ್ಟು?) ಎಂದರೆ ಇದರಲ್ಲಿ ಎರಡು ಒಂದೇ ಮಾತಿನಲ್ಲಿ ಮುಗಿಯುತ್ತವೆ. ಮೊದಲು ಹೇಳಿದ ದರವೇ ಕೊನೆಯ ದರವಾಗುವುದು ಅಪರೂಪ, ಹಾಗೆಂದು ಅರ್ಧಕ್ಕರ್ಧ ಕಡಿದು ಕೇಳುವುದೂ ಸರಿಯಲ್ಲ. ಹುಟ್ಟು ಹಾಕುವುದು ರಟ್ಟೆಯ ಕೆಲಸ. ದೋಣಿಯ ಒಡಲನ್ನೂ ಒಮ್ಮೆ ನೋಡಿಕೊಳ್ಳಿ: ನಡುವೆ ಎಂಜಿನ್ ಪೆಟ್ಟಿಗೆ, ಹಿಂದೆ ಪಂಖೆಯ ಸರಳು ಇದ್ದರೆ ಅದು 'ಹುಟ್ಟಿನ ದೋಣಿ' ಎಂದು ಹೇಳಿಕೊಳ್ಳುವ ಮೋಟರ್ ದೋಣಿ. ಹೋಗುವಾಗ ಹುಟ್ಟು ಹಾಕಿ, ಪ್ರವಾಹಕ್ಕೆದುರಾಗಿ ಬರುವಾಗ ಎಂಜಿನ್ ಎಬ್ಬಿಸುತ್ತಾರೆ. ಮೋಟರ್ ದೋಣಿಯಲ್ಲಿ ಕಂಪನ ಹಲಗೆಯಿಂದ ಮೊಣಕೈಗೆ, ಮೊಣಕೈಯಿಂದ ಲೆನ್ಸಿಗೆ ಹರಿಯುತ್ತದೆ. ಹಾಗೇ ಬೇಡದ ಕಡೆ ನಿಲ್ಲುವುದು, ಬೇಕಾದ ಕಡೆ ದಾಟಿಹೋಗುವುದು ಬೇರೆ. ಅನಿವಾರ್ಯವಾದರೆ 'ಮೋಟರ್ ಬಂದ್ ಕರ್ ದೀಜಿಯೇ' ಎಂದು ಕೇಳಿ, ದೋಣಿ ತಾನೇ ತೇಲುವಾಗ ತೆಗೆಯಿರಿ.

ದಾರಿಯ ವಿಷಯದಲ್ಲಿ ಒಂದೇ ಸಲಹೆ: ಅಸ್ಸಿಯಲ್ಲಿ ಹತ್ತಿ ದಶಾಶ್ವಮೇಧದಲ್ಲಿ ಇಳಿಯಿರಿ. ಎರಡೂವರೆ ಕಿಲೋಮೀಟರಿನ ಆಸುಪಾಸು. ಪ್ರವಾಹದ ಜೊತೆಗೇ ಹೋಗುವುದರಿಂದ ಅಂಬಿಗರಿಗೆ ಶ್ರಮ ಕಡಿಮೆ, ದೋಣಿ ಕುಲುಕುವುದೂ ಕಡಿಮೆ. ನಿಂತು ನಿಂತು ಹೋದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಗೋದೌಲಿಯಾ ಬಳಿಯ ಜಂಗಮವಾಡಿ ಮಠದ ಆಸುಪಾಸಿನಲ್ಲಿ ಇಳಿದುಕೊಳ್ಳುವ ಕನ್ನಡಿಗರು ದಶಾಶ್ವಮೇಧವೇ ಹತ್ತಿರವೆಂದು ಅಲ್ಲೇ ದೋಣಿ ಹತ್ತುತ್ತಾರೆ. ಆಗ ಅರ್ಧ ದಾರಿ ಎದುರು ಪ್ರವಾಹ. ಅಂಬಿಗರು ಸೆಳೆತ ತಪ್ಪಿಸಲು ದಡಕ್ಕೆ ಅಂಟಿಕೊಂಡೇ ಸಾಗುತ್ತಾರೆ, ಕಟ್ಟಡ ಚೌಕಟ್ಟಿಗೆ ಹಿಡಿಸುವುದಿಲ್ಲ, ಸ್ನಾನಕ್ಕಿಳಿದವರ ಮೈಮೇಲೇ ಹೋದಂತಾಗುತ್ತದೆ. ನಸುಕಿನಲ್ಲೇ ಇ-ರಿಕ್ಷಾ ಹಿಡಿದು ಅಸ್ಸಿಗೆ ಹೋಗಿ, ದೋಣಿಯಲ್ಲೇ ವಾಪಸಾದರೆ ಎರಡೂ ಕೆಲಸ ಆಯಿತು.

ದೋಣಿಯೊಳಗೆ ಕೂರುವ ಬಗೆ ಮುಖ್ಯ. ಲೈಫ್ ಜಾಕೆಟ್ ಮೊದಲು, ಕ್ಯಾಮೆರಾ ಪಟ್ಟಿ ಅದರ ಮೇಲೆ. ತಿರುಗುಮುರುಗು ಮಾಡಿದರೆ ಜಾಕೆಟ್ಟಿನ ದಪ್ಪ ಕಾಲರ್ ಪಟ್ಟಿಯನ್ನು ಹಿಡಿದುಕೊಂಡು ಕ್ಯಾಮೆರಾ ಕಣ್ಣಿಗೇ ಏರುವುದಿಲ್ಲ. ಹುಟ್ಟು ಹಾಕುವವರು ಒಂದು ತುದಿಯಲ್ಲಿದ್ದರೆ ನೀವು ನಡು ಹಲಗೆಯಲ್ಲಿ, ಆದಷ್ಟು ತಗ್ಗಾಗಿ ಕೂತುಕೊಳ್ಳಿ. ನಿಂತು ತೆಗೆಯುವ ಆಸೆ ಬೇಡ. ಟ್ರೈಪಾಡ್ ರೂಮಿನಲ್ಲೇ ಇರಲಿ. ದೋಣಿಯೇ ಅಲುಗುವಾಗ ಅದು ದೋಣಿಯ ಅಲುಗಾಟವನ್ನು ಕ್ಯಾಮೆರಾಕ್ಕೆ ತಲುಪಿಸುತ್ತದೆ ಅಷ್ಟೆ. ಲೆನ್ಸಿನ ಸ್ಟೆಬಿಲೈಸೇಶನ್ ಕೈನಡುಕವನ್ನು ತಡೆಯುತ್ತದೆ, ದೋಣಿ ಮುಂದೆ ಸರಿಯುವುದನ್ನಲ್ಲ. ಆದ್ದರಿಂದ ಶಟರ್ ವೇಗ ಇಳಿಸಬೇಡಿ: ವೈಡ್ ಲೆನ್ಸಿಗೆ 1/250, 200 ಎಂಎಂಗೆ 1/500 ಇಟ್ಟುಕೊಂಡು ಮಿಕ್ಕದ್ದನ್ನು ಐಎಸ್ಒಗೆ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಗೆ, ಬಿಡಿ. ಸೂರ್ಯ ಹುಟ್ಟುವ ಮೊದಲು ಎಫ್/2.8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಐಎಸ್ಒ 3200 ಬೇಕಾಗುತ್ತದೆ. ಹುಟ್ಟಿದ ಮೇಲೆ ಎಫ್/5.6, ಐಎಸ್ಒ 400ಕ್ಕೆ ಬರಬಹುದು.

ಬಟನ್ ಒತ್ತುವುದಕ್ಕೂ ಒಂದು ಹದವಿದೆ. ಹುಟ್ಟು ನೀರಿಗೆ ಬಿದ್ದು ಅಂಬಿಗರು ಜಗ್ಗಿದಾಗ ದೋಣಿ ಒಮ್ಮೆ ಮುಂದಕ್ಕೆ ಜಿಗಿಯುತ್ತದೆ. ಹುಟ್ಟು ಮೇಲೆದ್ದು, ಅಲಗಿನಿಂದ ನೀರು ತೊಟ್ಟಿಕ್ಕುತ್ತಾ ಹಿಂದಕ್ಕೆ ಬರುವ ಒಂದೆರಡು ಕ್ಷಣ ದೋಣಿ ಜಾರುತ್ತದೆ, ಅಲುಗುವುದಿಲ್ಲ. ತೆಗೆಯಬೇಕಾದದ್ದು ಆಗಲೇ. ನಾಲ್ಕೈದು ಸಲ ಗಮನಿಸಿದರೆ ಕೈಗೆ ತಾಳ ಸಿಕ್ಕಿಬಿಡುತ್ತದೆ. ವೈಡ್ ಲೆನ್ಸಿನಲ್ಲಿ ಹುಟ್ಟಿನ ತುದಿ ಚೌಕಟ್ಟಿಗೆ ಎಲ್ಲಿ ನುಗ್ಗುತ್ತದೆಂಬುದೂ ಈ ಕ್ಷಣದಲ್ಲಿ ಮುಂಚೆಯೇ ತಿಳಿದಿರುತ್ತದೆ.

ದಡದಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲಿದ್ದರೆ 24-70 ಎಂಎಂ ಲೆನ್ಸೊಂದೇ ಸಾಕು. ಒಂದು ಇಡೀ ಘಾಟ್ ಮೆಟ್ಟಿಲಿಂದ ಶಿಖರದವರೆಗೆ ಹಿಡಿಸುತ್ತದೆ. ಗ್ರಿಡ್ ಗೆರೆ ಆನ್ ಮಾಡಿಕೊಳ್ಳಿ. ಮೆಟ್ಟಿಲ ಗೆರೆಗಳೇ ತುಂಬಿರುವ ಜಾಗದಲ್ಲಿ ಒಂದು ಡಿಗ್ರಿ ವಾಲಿದರೂ ಎದ್ದು ಕಾಣುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಹೊನ್ನಿನ ಬಣ್ಣವನ್ನು ತಪ್ಪೆಂದು ಭಾವಿಸಿ ತೊಳೆದುಹಾಕುತ್ತದೆ; ಡೇಲೈಟ್‌ಗೆ ಕಟ್ಟಿಹಾಕಿ. ಸೂರ್ಯನ ಕಡೆಗೇ ತಿರುಗಿ ಎದುರು ದೋಣಿಗಳ ಕಪ್ಪು ಆಕೃತಿ ತೆಗೆಯುವಾಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿ. ಮಂಜಿನಲ್ಲಿ ಮುಕ್ಕಾಲು ಸ್ಟಾಪ್ ಏರಿಸಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿಯಾಗುತ್ತದೆ. ಬೇಸಿಗೆಯಲ್ಲಿ ಎಸಿ ರೂಮಿನಿಂದ ನೇರ ಘಾಟ್‌ಗೆ ಬಂದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ ಇಲ್ಲವೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಹೊರಗಿಡಿ.

ಈ ದಾರಿಯಲ್ಲಿ ಚೇತ್ ಸಿಂಗ್ ಕೋಟೆಯ ಗೋಡೆ, ಕೇದಾರ ಘಾಟ್‌ನ ಕೆಂಪು-ಬಿಳಿ ಪಟ್ಟೆಯ ದೇವಸ್ಥಾನ (ದಕ್ಷಿಣದವರಿಗೆ ಊರಿನ ದೇವಸ್ಥಾನದ ಸುಣ್ಣ-ಕೆಮ್ಮಣ್ಣೇ ನೆನಪಾಗುವಂಥದ್ದು), ಕೊನೆಗೆ ದರ್ಭಂಗಾ ಘಾಟ್‌ನ ಎತ್ತರದ ಕಂಬಗಳು ಒಂದೊಂದಾಗಿ ಸಿಗುತ್ತವೆ. ಇವೆಲ್ಲ ಸಲೀಸು. ಕೇದಾರಕ್ಕೆ ಸ್ವಲ್ಪ ಮೊದಲು ಹನುಮಾನ್ ಘಾಟ್ ಕಳೆದರೆ ಕರ್ನಾಟಕ ಘಾಟ್ ಬರುತ್ತದೆ. ನಮ್ಮ ರಾಜ್ಯದ ಹೆಸರು ಕಂಡ ಖುಷಿಗೆ ಎಲ್ಲರ ಕ್ಯಾಮೆರಾ ಮೇಲೇಳುವುದು ಇಲ್ಲೇ. ಅದಕ್ಕೆ ಒತ್ತಿಕೊಂಡೇ ಇರುವುದು ಹರಿಶ್ಚಂದ್ರ ಘಾಟ್, ಸುಡುಗಾಡು. ನದಿಯಿಂದ ನೋಡುವಾಗ ಕರ್ನಾಟಕ ಘಾಟ್ ಎಡಕ್ಕೆ, ಹರಿಶ್ಚಂದ್ರ ಬಲಕ್ಕೆ. ವೈಡ್ ಲೆನ್ಸ್ ಹಾಕಿಕೊಂಡು ಸೆಲ್ಫಿ ತೆಗೆದರೆ ಯಾರದೋ ಮನೆಯವರ ಚಿತೆ ಹಿನ್ನೆಲೆಯಲ್ಲಿ ಉರಿಯುತ್ತಿರುತ್ತದೆ. 50 ಎಂಎಂ ಅಥವಾ ಅದಕ್ಕೂ ಉದ್ದದ ಲೆನ್ಸಿನಲ್ಲಿ, ಚೌಕಟ್ಟನ್ನು ಎಡಕ್ಕೆ ಎಳೆದುಕೊಂಡು, ಅದನ್ನು ದಾಟುವ ಮೊದಲೇ ತೆಗೆದು ಮುಗಿಸಿ.

ದಶಾಶ್ವಮೇಧದ ಆಚೆಗೂ ಹೋಗುವವರಿಗೆ ಇನ್ನೊಂದು ಸುಡುಗಾಡು, ಮಣಿಕರ್ಣಿಕಾ ಘಾಟ್, ಎದುರಾಗುತ್ತದೆ. ಈ ಸೇವೆಯ ಬಗ್ಗೆ ಇರುವ ದೊಡ್ಡ ತಕರಾರು ಇಲ್ಲಿಯದೇ. ಕ್ಯಾಮೆರಾ ದೊಡ್ಡದಿದ್ದಷ್ಟೂ ಅಂಬಿಗರು ದೋಣಿಯನ್ನು ಚಿತೆಗಳ ಕಡೆಗೆ ತಿರುಗಿಸುವ ಸಾಧ್ಯತೆ ಹೆಚ್ಚು, ಏಕೆಂದರೆ ಹಿಂದೆ ಬಂದ ಫೋಟೋಗ್ರಾಫರುಗಳು ಅದನ್ನೇ ಕೇಳಿದ್ದಾರೆ, ಅದಕ್ಕೇ ಬಕ್ಷೀಸು ಕೊಟ್ಟಿದ್ದಾರೆ. ತಪ್ಪನ್ನು ಅವರ ತಲೆಗೆ ಕಟ್ಟುವುದು ಸುಲಭ. ಅಭ್ಯಾಸ ಮಾಡಿಸಿದ್ದು ಗಿರಾಕಿ. ಹತ್ತುವ ಮೊದಲೇ ಹೇಳಿಬಿಡಿ: 'ಮಣಿಕರ್ಣಿಕಾ ಕೇ ಪಾಸ್ ಮತ್ ಜಾಯಿಯೇ, ಬೀಚ್ ಸೇ ಚಲಿಯೇ' (ಮಣಿಕರ್ಣಿಕಾದ ಹತ್ತಿರ ಹೋಗಬೇಡಿ, ನದಿಯ ನಡುವಿನಿಂದ ಹೋಗಿ). ನದಿ ನಡುವಿನಿಂದ ಹೋಗುವಾಗಲೂ ಕ್ಯಾಮೆರಾ ಮಡಿಲಲ್ಲಿರಲಿ, ಲೆನ್ಸಿಗೆ ಮುಚ್ಚಳವಿರಲಿ. ದೂರದಿಂದ ತೆಗೆದರೆ ಯಾರಿಗೇನು ತೊಂದರೆ ಎನ್ನುವವರಿಗೆ: 200 ಎಂಎಂ ಲೆನ್ಸ್ ಇರುವುದೇ ಆ ದೂರವನ್ನು ಇಲ್ಲವಾಗಿಸಲು. ಮುಖ ಗುರುತು ಸಿಗುತ್ತದೆ, ಚಿತ್ರ ರಾತ್ರಿಯೊಳಗೆ ಇನ್‌ಸ್ಟಾಗ್ರಾಮಿಗೆ ಏರುತ್ತದೆ, ಅಪ್ಪನನ್ನು ಕಳಕೊಂಡವನ ಬೋಳಿಸಿದ ತಲೆ ಯಾರದೋ ಲೈಕಿನ ಸರಕಾಗುತ್ತದೆ.

ಇಲ್ಲಿ ಇನ್ನೊಂದು ದಂಧೆಯೂ ಇದೆ. ಘಾಟ್ ಮೇಲೆ ನಿಂತವರ ಬಳಿ ಒಬ್ಬ ಬರುತ್ತಾನೆ, 'ಫೋಟೋಗೆ ಪರ್ಮಿಶನ್ ಕೊಡಿಸ್ತೀನಿ' ಎಂದು ಸಾವಿರಗಳ ಲೆಕ್ಕದಲ್ಲಿ ಕೇಳುತ್ತಾನೆ. ಅಥವಾ ಕೊನೆಗಾಲದಲ್ಲಿ ಬಂದಿರುವ ಬಡವರ ಚಿತೆಗೆ ಸೌದೆ ಕೊಡಿಸಿ ಎಂದು ಕಿಲೋಗಿಷ್ಟು ಎಂದು ವಸೂಲು ಮಾಡುತ್ತಾನೆ. ದುಡ್ಡು ಕೊಟ್ಟ ಮೇಲೆ ಇನ್ನೊಬ್ಬ ಬಂದು ಜಗಳ ತೆಗೆಯುವುದೂ ಉಂಟು. ಪರ್ಮಿಶನ್ ಮಾರುವವನಿಗೆ ಸತ್ತವರು ಯಾರೂ ಅಲ್ಲ. ಕೊಡಬೇಕಾದವರು ಚಿತೆಯ ಮುಂದೆ ನಿಂತ ಮನೆಯವರು, ಅವರನ್ನು ಆ ಹೊತ್ತಿನಲ್ಲಿ ಕೇಳುವ ಮಾತೇ ಇಲ್ಲ. ಹಾಗಾಗಿ ಬೇಡ ಎಂದು ಹೇಳಿ ನಡೆದುಬಿಡಿ, ವಾದಕ್ಕೆ ನಿಲ್ಲಬೇಡಿ.

ಮಣಿಕರ್ಣಿಕಾದ ಪಕ್ಕದಲ್ಲೇ ವಾಲಿದ ರತ್ನೇಶ್ವರ ಮಂದಿರವಿದೆ, ಅದನ್ನು ತೆಗೆಯುವುದರಲ್ಲಿ ತಪ್ಪಿಲ್ಲ. ನದಿಯಿಂದ ನೋಡಿದರೆ ಅದರ ಎಡಕ್ಕೆ ಮಣಿಕರ್ಣಿಕಾ, ಬಲಕ್ಕೆ ಸಿಂಧಿಯಾ ಘಾಟ್. ಮಂದಿರವನ್ನು ಚೌಕಟ್ಟಿನ ಎಡ ಅಂಚಿಗಿಟ್ಟು ಸಿಂಧಿಯಾ ಘಾಟ್‌ನ ಮೆಟ್ಟಿಲನ್ನು ಬಲಕ್ಕೆ ಬಿಡಿ. ಮಳೆಗಾಲ ಕಳೆದು ತುಂಬಾ ದಿನದವರೆಗೂ ಇದರ ಕೆಳಭಾಗ ನೀರು, ಕೆಸರಿನಲ್ಲಿ ಹೂತಿರುತ್ತದೆ; ಪೂರ್ತಿ ಕಾಣಬೇಕಿದ್ದರೆ ನೀರಿಳಿಯುವವರೆಗೆ ಕಾಯಬೇಕು.

ಸ್ನಾನದ ದೃಶ್ಯಗಳ ಬಗ್ಗೆ ನೇರ ಮಾತು. ಸೂರ್ಯನಿಗೆ ಅರ್ಘ್ಯ ಕೊಡುತ್ತಿರುವ ಹಿರಿಯರ ಚಿತ್ರ ಎಲ್ಲರಿಗೂ ಬೇಕು. ಅದನ್ನು 35 ಎಂಎಂ ಲೆನ್ಸಿನಲ್ಲಿ, ಅವರಿಗೆ ನೀವು ಕಾಣುವಂತಿದ್ದು, ಕಣ್ಣು ಸೇರಿದಾಗ ಕೈ ಮುಗಿದು ಅಥವಾ 'ಫೋಟೋ ಲೇ ಲೂಂ?' ಎಂದು ಕೇಳಿ ತೆಗೆಯಿರಿ. ತಲೆಯಾಡಿಸಿ ಬೇಡ ಎಂದರೆ ಬೇಡ. ಒದ್ದೆ ಸೀರೆಯ ಹೆಂಗಸರು, ಬಟ್ಟೆ ಬದಲಿಸುವವರ ಕಡೆ ಝೂಮ್ ತಿರುಗಿಸುವುದಕ್ಕೆ ಕಲೆ, ದಾಖಲೆ ಎಂಬ ಯಾವ ಹೆಸರೂ ಹೊಂದುವುದಿಲ್ಲ. ಕಾಶಿಯಾತ್ರೆಗೆ ಬಂದ ನಿಮ್ಮ ಮನೆಯ ಅಜ್ಜಿಯನ್ನು ಯಾರಾದರೂ ಹಾಗೆ ತೆಗೆದರೆ ಏನನ್ನಿಸುತ್ತದೋ ಅದೇ ಇಲ್ಲಿಯ ಕಾನೂನು. ದಶಾಶ್ವಮೇಧದಲ್ಲಿ ಬಣ್ಣ ಬಳಿದು ಪೋಸು ಕೊಡುವ 'ಬಾಬಾ'ಗಳದ್ದು ಬೇರೆ ಲೆಕ್ಕ, ಅದೊಂದು ಕಸುಬು. ಎಷ್ಟೆಂದು ಮೊದಲೇ ಮಾತಾಡಿ, ಕೊಟ್ಟು ತೆಗೆಯಿರಿ. ಆಮೇಲೆ ಸಹಜ ಚಿತ್ರವೆಂದು ಶೀರ್ಷಿಕೆ ಬರೆಯಬೇಡಿ. ದೀಪ ಮಾರುವ ಮಕ್ಕಳಿಗೆ ದುಡ್ಡು ಕೊಟ್ಟು ಪೋಸು ಹೊಡೆಸುವುದು ಮಾತ್ರ ಬೇಡವೇ ಬೇಡ. ತುಲಸಿ ಘಾಟ್ ಮೇಲಿನ ಕುಸ್ತಿ ಅಖಾಡಕ್ಕೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು ಮೊದಲು ಉಸ್ತಾದರನ್ನು ಕೇಳಬೇಕು, ಪೈಲ್ವಾನರನ್ನಲ್ಲ.

ಚಳಿಗಾಲದಲ್ಲಿ ಬರುವ ಕಡಲಹಕ್ಕಿಗಳ ಹಿಂಡು ದೋಣಿಯ ಸುತ್ತ ಹಾರುವ ಚಿತ್ರ ಈಗ ಕಾಶಿಯ ಟ್ರೇಡ್‌ಮಾರ್ಕ್ ಆಗಿಬಿಟ್ಟಿದೆ. ಅದರ ಹಿಂದಿರುವುದು ಸೇವ್ ಪ್ಯಾಕೆಟ್. ಎಣ್ಣೆಯಲ್ಲಿ ಕರಿದ ಉಪ್ಪುಖಾರದ ತಿಂಡಿ ಹಕ್ಕಿಯ ಆಹಾರವಲ್ಲ. ಬೆಳಗ್ಗೆ ಹೇಗೂ ಬೇರೆ ದೋಣಿಯವರು ಎಸೆಯುತ್ತಿರುತ್ತಾರೆ, ನೀವು ಪ್ಯಾಕೆಟ್ ಕೊಳ್ಳದಿದ್ದರೂ ಹಕ್ಕಿ ಸಿಗುತ್ತದೆ. 1/1000ಕ್ಕಿಂತ ಮೇಲಿನ ಶಟರ್ ಇರಲಿ.

ಸಂಜೆಯ ಆರತಿ ದೋಣಿಗೆ ಇಷ್ಟು ಹೊಗಳಿಕೆ ಸಲ್ಲುವುದಿಲ್ಲ. ಅರ್ಚಕರು ನದಿಗೆ ಮುಖ ಮಾಡಿ ನಿಲ್ಲುವುದರಿಂದ ದೋಣಿಯಿಂದ ಅವರ ಮುಖ ಕಾಣುತ್ತದೆ, ಅದೊಂದೇ ಲಾಭ. ಉಳಿದಂತೆ ದೋಣಿಗೆ ದೋಣಿ ತಾಗಿಸಿ ನಿಲ್ಲಿಸುತ್ತಾರೆ, ಮುಂದಿನ ಸಾಲಿನವರ ಎತ್ತಿದ ಫೋನುಗಳೇ ಚೌಕಟ್ಟು ತುಂಬುತ್ತವೆ, ಆರತಿ ಮುಗಿಯುವವರೆಗೆ ಹೊರಬರುವ ದಾರಿಯಿಲ್ಲ. ಹೋಗಲೇಬೇಕಿದ್ದರೆ ಒಂದು ಗಂಟೆ ಮೊದಲು ಹೋಗಿ ಮುಂದಿನ ಸಾಲು ಹಿಡಿಯುವ ಅಂಬಿಗರನ್ನೇ ನೋಡಿಕೊಳ್ಳಿ. ಫ್ಲಾಶ್ ಆಫ್ ಇರಲಿ. ದೇವದೀಪಾವಳಿಯ ದಿನ, ಅಂದರೆ ಕಾರ್ತಿಕ ಹುಣ್ಣಿಮೆಗೆ, ದರ ಮುಗಿಲು ಮುಟ್ಟುತ್ತದೆ, ದೋಣಿ ವಾರಗಳ ಮೊದಲೇ ಬುಕ್ ಆಗಿರುತ್ತದೆ. ಆ ರಾತ್ರಿ ದಡದ ಮೇಲಿನ ಮಹಡಿಯೇ ವಾಸಿ.

ತಿಂಗಳ ಆಯ್ಕೆಯಲ್ಲಿ ಫೆಬ್ರುವರಿಗೆ ಮೊದಲ ಮಣೆ. ಮಂಜು ತೆಳುವಾಗಿರುತ್ತದೆ, ಸೂರ್ಯ ಹೊತ್ತಿಗೆ ಸರಿಯಾಗಿ ಕಾಣುತ್ತಾನೆ. ಜನವರಿಯ ದಟ್ಟ ಮಂಜು ಚಿತ್ರಕ್ಕೆ ಚೆಂದ, ಆದರೆ ಕೆಲವು ದಿನ ಎಂಟು ಗಂಟೆಯಾದರೂ ಎದುರಿನ ದೋಣಿ ಕಾಣುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ದೋಣಿಯನ್ನು ನಂಬಿ ಟಿಕೆಟ್ ಮಾಡಬೇಡಿ. ನೀರೇರಿದರೆ ಆಡಳಿತವೇ ದೋಣಿ ನಿಲ್ಲಿಸುತ್ತದೆ; ಘಾಟ್‌ನಿಂದ ಘಾಟ್‌ಗೆ ನಡೆದು ಹೋಗುವ ದಾರಿಯೂ ಮುಳುಗುತ್ತದೆ. ಇಲ್ಲಿ ನದಿಯ ಅಪಾಯದ ಮಟ್ಟ 71.262 ಮೀಟರ್, ಎಚ್ಚರಿಕೆಯ ಮಟ್ಟ ಅದಕ್ಕಿಂತ ಒಂದು ಮೀಟರ್ ಕೆಳಗೆ. ಮಳೆಗಾಲದಲ್ಲಿ ಹೊರಡುವ ಮುಂಚೆ ಸುದ್ದಿಯಲ್ಲಿ ನೀರಿನ ಮಟ್ಟ ನೋಡಿ ಈ ಅಂಕಿಗೆ ಹೋಲಿಸಿಕೊಂಡರೆ ಪರಿಸ್ಥಿತಿ ಅಂದಾಜಾಗುತ್ತದೆ.

ಇಳಿಯುವಾಗ ಮಾತಾಡಿದಷ್ಟು ಕೊಡಿ, ಮಣಿಕರ್ಣಿಕಾದಿಂದ ದೂರ ಉಳಿದದ್ದಕ್ಕೆ ಒಂದಿಷ್ಟು ಮೇಲೆ ಕೊಡಿ, ಯಾತಕ್ಕೆಂದು ಬಾಯಿಬಿಟ್ಟು ಹೇಳಿ. ರೇಷ್ಮೆ ಅಂಗಡಿ ತೋರಿಸುತ್ತೇನೆ ಎಂದರೆ ನಗುತ್ತಲೇ ತಪ್ಪಿಸಿಕೊಳ್ಳಿ, ಅಲ್ಲಿ ಕಮಿಷನ್ ಇರುತ್ತದೆ. ಅಂಬಿಗರ ಚಿತ್ರ ತೆಗೆದಿದ್ದರೆ ವಾಟ್ಸಾಪಿನಲ್ಲಿ ಕಳಿಸುತ್ತೇನೆಂದು ಹೇಳಿದ್ದನ್ನು ಅದೇ ದಿನ ಕಳಿಸಿಬಿಡಿ. ಅಲ್ಲಿಂದಲೇ ವಿಶ್ವನಾಥನ ದರ್ಶನಕ್ಕೆ ಹೋಗುವ ಯೋಚನೆಯಿದ್ದರೆ ಒಂದು ತೊಡಕಿದೆ: ದೇವಸ್ಥಾನದೊಳಗೆ ಕ್ಯಾಮೆರಾ, ಫೋನ್ ಯಾವುದನ್ನೂ ಬಿಡುವುದಿಲ್ಲ. ಸುತ್ತಲಿನ ಅಂಗಡಿಗಳ ಲಾಕರಿನಲ್ಲಿ ಫೋನ್ ಇಡಬಹುದು. ಲಕ್ಷ ಬೆಲೆಯ ಲೆನ್ಸ್ ಚೀಲವನ್ನಲ್ಲ. ರೂಮಿಗೆ ಹೋಗಿ ಇಟ್ಟು, ಬರಿಗೈಯಲ್ಲಿ ಬನ್ನಿ.